ಒಲೆ ಆರಿಸಿ ಎಂದು ಕೂಗಿದ ದಿನ

ಆಶಾ ಕಾರ್ಯಕರ್ತೆಯಾಗಿ ನಾನು ಸುತ್ತುವ ಬಡಾವಣೆ ಹಿರಿಯೂರಿನ ಹೊರಗೆ, ಹೆದ್ದಾರಿಯ ಮಗ್ಗುಲಿಗಿದೆ. ದಿಣ್ಣೆಯ ಮೇಲಿನ ಸರ್ಕಾರಿ ಶಾಲೆಯಿಂದ ಶುರುವಾಗುವ ಇಳಿಜಾರು ಕೆಳಗಿನ ಹಳ್ಳದಲ್ಲಿ ಮುಗಿಯುತ್ತದೆ. ನಡುವೆ ಐದು ಬೀದಿ. ಶಾಲೆಗೆ ಹತ್ತಿರದ ಮೇಲಿನ ಬೀದಿಯಲ್ಲಿ ಮಠಕ್ಕೆ ನಡೆದುಕೊಳ್ಳುವ ವ್ಯಾಪಾರಸ್ಥರ ಮನೆಗಳು. ಎರಡನೆಯದು ನಮ್ಮದು. ನೌಕರಿಯವರು, ಆಟೋದವರು, ಬಾಡಿಗೆಯವರು ಎಲ್ಲ ಸೇರಿದ ಬೀದಿ. ಅದರ ಕೆಳಗೆ ಮುಸಲ್ಮಾನರ ಬೀದಿ, ಹೆದ್ದಾರಿ ತುದಿಯಲ್ಲಿ ಬೇಕರಿ. ಇನ್ನೂ ಕೆಳಗೆ ಆಂಧ್ರದ ಕಡೆಯಿಂದ ಕಲ್ಲು ಕೆಲಸಕ್ಕೆ ಬಂದು ಇಲ್ಲೇ ನಿಂತ ತೆಲುಗು ಮಾತಿನವರು. ಕೊನೆಗೆ, ಹಳ್ಳದ ದಡದಲ್ಲಿ, ಕುರಿಯವರ ಮನೆಗಳು ಮತ್ತು ಕುರಿ ಕೂಡುವ ರೊಪ್ಪಗಳು. ಯಾವ ಮನೆಯಲ್ಲಿ ಯಾರಿಗೆ ಎಷ್ಟನೇ ತಿಂಗಳು, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಹಾಸಿಗೆ ಹಿಡಿದಿದ್ದಾರೆ ಎನ್ನುವುದು ನನಗೆ ಪುಸ್ತಕ ನೋಡದೆ ಗೊತ್ತು. ಐದೂ ಬೀದಿಗೆ ಹೋಗಿ ಒಂದೊಂದು ಲೋಟ ಟೀ ಕುಡಿದು ಬರುವವಳು ಬಹುಶಃ ನಾನೊಬ್ಬಳೇ.

ಆಷಾಢದ ಒಂದು ಬೆಳಿಗ್ಗೆ, ಹತ್ತು ಗಂಟೆ ಇರಬಹುದು. ನಾನು ನಾಲ್ಕನೇ ಬೀದಿಯಲ್ಲಿ ಬಾಣಂತಿಯೊಬ್ಬಳ ಮನೆಯ ಹೊರಗೆ ಅವಳ ಮಗುವನ್ನು ತೂಕಕ್ಕೆ ಹಾಕುತ್ತಿದ್ದೆ. ಗಾಳಿ ಎಂದರೆ ನಮ್ಮ ಕಡೆಯ ಆಷಾಢದ ಗಾಳಿ. ತೂಕದ ಜೋಳಿಗೆ ತೊಟ್ಟಿಲಿನಂತೆ ತೂಗುತ್ತಿತ್ತು, ಮುಳ್ಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಆಗಲೇ ಹೆದ್ದಾರಿ ಕಡೆಯಿಂದ ಭಾರಿ ಬಂಡೆಯೊಂದು ಉರುಳಿ ಬಿದ್ದಂಥ ಶಬ್ದ ಬಂತು. ನೆಲ ನಡುಗಿದ್ದು ಕಾಲಿಗೆ ತಿಳಿಯಿತು. ಆಮೇಲೆ ಉಸ್ಸೆಂಬ ಸದ್ದು, ನಿಲ್ಲದೆ.

ಮಗುವನ್ನು ತಾಯಿಯ ಕೈಗೆ ಕೊಟ್ಟು ಬೀದಿಯ ತುದಿಗೆ ಓಡಿದೆ. ತಿರುವಿನಲ್ಲಿ ಗ್ಯಾಸ್ ಟ್ಯಾಂಕರ್ ಒಂದು ಮಗ್ಗುಲಾಗಿ ಬಿದ್ದಿತ್ತು. ಅದರ ಹಿಂಭಾಗದಿಂದ ಬಿಳಿ ಮಂಜು ನೆಲದ ಮೇಲೇ ಹರಿದು ಬರುತ್ತಿತ್ತು. ಡ್ರೈವರ್ ಗಾಜಿನ ಸಂದಿಯಿಂದ ಹೊರಗೆ ಬಂದು, ಹಣೆಯ ರಕ್ತ ಒರೆಸಿಕೊಳ್ಳದೆ, ಎರಡೂ ಕೈ ಬೀಸಿ ಹಿಂದಿಯಲ್ಲಿ ಏನೋ ಕೂಗುತ್ತಿದ್ದ. ಮಾತು ಅರ್ಥವಾಗಲಿಲ್ಲ. ವಾಸನೆ ಅರ್ಥವಾಯಿತು. ಅಡುಗೆಮನೆಯಲ್ಲಿ ಒಂದು ಕ್ಷಣ ಬಂದರೂ ನಾವು ಹೆದರುವ ಆ ವಾಸನೆ ಇಡೀ ಬಯಲಿನಲ್ಲಿತ್ತು.

ಐಮಂಗಲದ ಕಡೆಯಿಂದ ಬರುತ್ತಿದ್ದ ಗಸ್ತಿನ ಜೀಪು ದೂರದಲ್ಲೇ ನಿಂತಿತು. ಅದರಿಂದಿಳಿದ ಪೇದೆಯೊಬ್ಬ ಓಡುತ್ತ ಬಂದ. ನನ್ನ ಗುಲಾಬಿ ಸೀರೆ ನೋಡಿ ಗುರುತು ಹಿಡಿದ.

"ಅಮ್ಮಾ, ಈ ಮನೆಗಳು ನಿಮಗೆ ಗೊತ್ತಲ್ಲ? ಎಲ್ಲಾ ಒಲೆ ಆರಿಸ್ಬೇಕು. ಸ್ವಿಚ್ ಹಾಕಂಗೂ ಇಲ್ಲ, ತೆಗಿಯಂಗೂ ಇಲ್ಲ. ಗಾಡಿ ಸ್ಟಾರ್ಟ್ ಮಾಡಂಗಿಲ್ಲ, ಮೊಬೈಲ್ ಮುಟ್ಟಂಗಿಲ್ಲ. ಕರೆಂಟು ನಾವು ಸ್ಟೇಷನ್ನಿಂದ್ಲೇ ತೆಗೆಸ್ತೀವಿ. ಎಲ್ರನೂ ದಿಣ್ಣೆ ಸ್ಕೂಲಿಗೆ ಹತ್ತಿಸ್ರಿ. ಹಳ್ಳದ ಕಡೆ ಒಬ್ರೂ ಇಳೀಬಾರ್ದು."

"ಹಳ್ಳಕ್ಕೆ ಯಾಕೆ?"

"ಗಾಳಿಗಿಂತ ಭಾರ ಕಣಮ್ಮ ಈ ಗ್ಯಾಸು. ನೀರಿನಂಗೆ ತಗ್ಗಿಗೆ ಹರೀತೈತೆ. ಒಂದು ಕಿಡಿ ಬಿದ್ರೆ ಈ ಬಡಾವಣೆ ಇರಲ್ಲ."

ಅವನು ಮೇಲಿನ ಬೀದಿಗಳಿಗೆ ಹೋದ. ನಾನು ಕೆಳಗಿನವಕ್ಕೆ. ಆ ಹೊತ್ತಿನಲ್ಲಿ ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಕಾಲು ಅದರ ಪಾಡಿಗೆ ಅದು ಓಡಿತು. ಬಾಣಂತಿಯ ಅತ್ತೆ ಅಂಗಳದಲ್ಲಿ ಮೂರು ಕಲ್ಲಿನ ಒಲೆಗೆ ಸೌದೆ ಇಟ್ಟು ನೀರು ಕಾಯಿಸುತ್ತಿದ್ದಳು.

"ಪೊಯ್ಯಿ ಆರ್ಪಮ್ಮಾ! ಗ್ಯಾಸ್ ವಸ್ತೋಂದಿ!" ಒಲೆ ಆರಿಸು, ಗ್ಯಾಸ್ ಬರುತ್ತಿದೆ ಎಂದು ನನಗೆ ಬರುವ ಅರೆಬರೆ ತೆಲುಗಿನಲ್ಲಿ ಕೂಗಿದೆ. ಅವಳು ಹಂಡೆಯ ನೀರನ್ನೇ ಒಲೆಯ ಮೇಲೆ ಬೋರಲು ಹಾಕಿದಳು. ಬೂದಿ ಮುಖಕ್ಕೆ ಹಾರಿತು. ಅವಳಿಗೆ ಮತ್ತೇನೂ ಹೇಳಬೇಕಾಗಲಿಲ್ಲ. ಅಕ್ಕಪಕ್ಕದ ಮನೆಗಳಿಗೆ ಅವಳೇ ಕೂಗಿಕೊಂಡು ಹೋದಳು.

ಬೇಕರಿಯ ಭಟ್ಟಿ ಮಾತ್ರ ಹಾಗೆ ಆರುವಂಥದ್ದಲ್ಲ. ಸೌದೆ ಉರಿಸುವ ಇಟ್ಟಿಗೆ ಭಟ್ಟಿ, ಬೆಳಗಿನಿಂದ ಕಾದದ್ದು. ಟ್ಯಾಂಕರಿಗೆ ಎಲ್ಲರಿಗಿಂತ ಹತ್ತಿರವಿದ್ದದ್ದೂ ಅದೇ. ನಾನು ಹೋಗುವಷ್ಟರಲ್ಲಿ ಮಾಲೀಕ, ಅರವತ್ತು ದಾಟಿದವರು, ನಾವೆಲ್ಲ ಚಾಚಾ ಎನ್ನುತ್ತೇವೆ, ಕೆಲಸದವರನ್ನು ಮೇಲಕ್ಕೆ ಕಳಿಸಿ ಒಬ್ಬರೇ ಭಟ್ಟಿಯ ಮುಂದೆ ಕೂತಿದ್ದರು.

"ಚಾಚಾ, ನೀರು ಹಾಕ್ರಿ, ಬರ್ರಿ ಹೋಗಾಣ!"

"ನೀರ್ ಹಾಕ್ಬಾರ್ದು ಬೇಟಿ. ಕೆಂಡಕ್ಕೆ ನೀರ್ ಬಿದ್ರೆ ಕಿಡಿ ಚಿಮ್ತಾವೆ, ಚಿಮಣಿ ತುಂಬ ಹೋಗ್ತಾವೆ. ಇದರ ಬಾಯಿ ಮುಚ್ಬೇಕು. ಆ ಗೋಣಿಚೀಲ ನೆನೆಸಿ ಕೊಡು."

ಭಟ್ಟಿಯ ಬಾಯಿಗೆ ತಗಡು ಇಟ್ಟು, ಅದರ ಸುತ್ತ ನಾದಿದ ಮೈದಾ ಹಿಟ್ಟನ್ನೇ ಮೆತ್ತುತ್ತಿದ್ದರು. ಒಂದು ದಿನದ ಬನ್ನಿನ ಹಿಟ್ಟು. ನಾನು ಒದ್ದೆ ಚೀಲ ಕೊಟ್ಟೆ. ಅವರು ಚಿಮಣಿಯ ಮುಚ್ಚಳ ಎಳೆದು, ಚೀಲ ಹೊದಿಸಿ, ಬಿರುಕಿನಲ್ಲಿ ಎಲ್ಲಾದರೂ ಕೆಂಪು ಕಾಣುತ್ತದೆಯೇ ಎಂದು ಬಗ್ಗಿ ನೋಡಿದರು. ಬಾಗಿಲಿನಾಚೆ ಬಿಳಿ ಮಂಜು ಚರಂಡಿಗೆ ಇಳಿಯುವುದು ಕಾಣುತ್ತಿತ್ತು. ನನಗೆ ಅಳು ಬರುವಂತಾಯಿತು.

"ನೀನು ಹೋಗು. ನಿಂದು ಇನ್ನೂ ಬೀದಿ ಐತಲ್ಲ," ಎಂದರು, ತಲೆ ಎತ್ತದೆ.

ಹಳ್ಳದ ದಡದ ಕುರಿಯವರಲ್ಲಿ ಹೆಚ್ಚಿನವರು ಆಗಲೇ ಹೊರಟಿದ್ದರು. ಅವರ ಮಂದೆಗಳು ಯಲ್ಲದಕೆರೆ ಕಡೆಯ ಬೀಳಿನಲ್ಲಿದ್ದವು. ಒಂದು ರೊಪ್ಪದಲ್ಲಿ ಮಾತ್ರ ಕುರಿ ಇದ್ದವು, ಮರಿ ಹಾಕಿದವು, ಮರಿ ಹಾಕಲಿರುವವು. ರಾತ್ರಿಯ ತುಂತುರಿಗೆ ನೆನೆದ ಹುಲ್ಲು ಆರಿದ ಮೇಲೆ ಬಿಡೋಣವೆಂದು ಅವುಗಳ ಒಡತಿ ಕಾಯುತ್ತಿದ್ದಳಂತೆ. ಗಂಡ ತೀರಿಕೊಂಡ ಮೇಲೆ ಮೈದುನನ ಜೊತೆ ಮಂದೆ ನೋಡಿಕೊಳ್ಳುವ ಹೆಂಗಸು, ನನಗಿಂತ ಐದಾರು ವರ್ಷ ದೊಡ್ಡವಳು. ಇಬ್ಬರೂ ರೊಪ್ಪದ ಬಾಗಿಲಲ್ಲಿ ನಿಂತಿದ್ದರು.

"ಅಕ್ಕ, ಬಿಟ್ಟು ಬಾರಕ್ಕ! ಗ್ಯಾಸು ಇಲ್ಲಿಗೇ ಇಳಿತೈತೆ."

"ಇವನ್ನ ಬಿಟ್ಟು ನಾನೆಲ್ಲಿಗೆ ಬರ್ಲಿ ನರ್ಸಮ್ಮ? ದಾರಿ ತೋರ್ಸು, ಬತ್ತೀನಿ."

ದಾರಿ. ಹಳ್ಳದ ದಾರಿ ಹಿಡಿಯುವಂತಿರಲಿಲ್ಲ. ಹೆದ್ದಾರಿ ಕಡೆ ಟ್ಯಾಂಕರ್. ಉಳಿದದ್ದು ಐದೂ ಬೀದಿಯನ್ನು ದಾಟಿ ದಿಣ್ಣೆಗೆ ಹೋಗುವ ಅಡ್ಡದಾರಿ. ಅದಕ್ಕೆ ಮೇಲಿನ ಬೀದಿಯ ಬಾಯಿಯಲ್ಲಿ ಕಬ್ಬಿಣದ ಗೇಟು ಹಾಕಿ ಮೂರು ವರ್ಷವಾಗಿತ್ತು. ಪಕ್ಕದಲ್ಲಿ ಮನುಷ್ಯರು ಒಬ್ಬೊಬ್ಬರಾಗಿ ಅಡ್ಡಡ್ಡ ನುಸುಳುವಷ್ಟು ಸಂದಿ ಬಿಟ್ಟಿದ್ದರು, ಕುರಿ ತೂರದಂತೆ ಅದಕ್ಕೆ ಕಂಬಿ ಬಗ್ಗಿಸಿದ್ದರು. ಹಿಕ್ಕೆ, ವಾಸನೆ, ಮನೆಯ ಮುಂದಿನ ಗಿಡ ಮೇಯುತ್ತವೆ ಎಂಬ ದೂರಿನ ಅರ್ಜಿಯ ಮೇಲೆ ಬಿದ್ದ ಗೇಟು ಅದು. ಅರ್ಜಿ ಬರೆಸಿದವರು ಮೇಲಿನ ಬೀದಿಯ ಹಿರಿಯ ಯಜಮಾನರು, ಬೀಗದಕೈ ಇರುವುದೂ ಅವರ ಮನೆಯಲ್ಲೇ. ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಯಾರೂ ಬಲವಂತ ಮಾಡಿರಲಿಲ್ಲ. ಬೆಳಿಗ್ಗೆ ಬಾಗಿಲು ಗುಡಿಸಿ ರಂಗೋಲಿ ಹಾಕಿದ ಮೇಲೆ ಮಂದೆ ಹಾಯ್ದು ಹೋದರೆ ನನಗೂ ಸಿಟ್ಟು ಬರುತ್ತಿತ್ತು, ಅಷ್ಟೇ.

ಅವಳಿಗೆ ನನ್ನ ಸಹಿಯ ವಿಷಯ ಗೊತ್ತಿತ್ತೋ ಇಲ್ಲವೋ. ನನ್ನ ಮುಖವನ್ನೇ ನೋಡುತ್ತಿದ್ದಳು.

"ಗೇಟಿನ ತಂಕ ಹೊಡ್ಕಂಡು ಬರ್ರಿ. ಬೀಗದಕೈ ನಾನು ತರ್ತೀನಿ," ಎಂದೆ.

ಅವಳ ಮೈದುನ ಕುರಿಯ ಕೊರಳಿನ ಗಂಟೆ ಮುಟ್ಟಿ, "ಇದು ಕಿಡಿ ಹಾರುಸ್ತೈತೇನೋ?" ಎಂದ. ನನಗೆ ಗೊತ್ತಿರಲಿಲ್ಲ. ಅವಳು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಹರಿದು, ಒಂದೊಂದೇ ಗಂಟೆಯೊಳಗೆ ತುರುಕತೊಡಗಿದಳು.

ಅಡ್ಡದಾರಿಯಲ್ಲಿ ಜನ ಗೇಟಿನ ಸಂದಿಗೆ ಮುಕುರಿಕೊಂಡಿದ್ದರು. ಮಕ್ಕಳನ್ನು ಮೇಲಿನಿಂದ ದಾಟಿಸುತ್ತಿದ್ದರು. ನಾನು ನುಸುಳಿ ಯಜಮಾನರ ಮನೆಗೆ ಓಡಿದೆ. ಬಾಗಿಲು ತೆರೆದಿತ್ತು. ಒಳಗೆ ಕಂಡದ್ದಕ್ಕೆ ನಾನು ಸಿದ್ಧಳಿರಲಿಲ್ಲ. ಅವರಿಗೆ ಶ್ವಾಸಕೋಶದ ತೊಂದರೆ, ಹಗಲೂ ರಾತ್ರಿ ಆಕ್ಸಿಜನ್ ಮೆಷಿನ್ನಿನ ನಳಿಕೆ ಮೂಗಿನಲ್ಲಿರಬೇಕು ಎಂಬುದು ನನ್ನ ಪುಸ್ತಕದಲ್ಲೇ ಇತ್ತು. ಕರೆಂಟು ತೆಗೆಸಿದರೆ ಮೆಷಿನ್ ನಿಲ್ಲುತ್ತದೆ ಎಂದು ಪೇದೆಗೆ ಹೇಳಬೇಕಾದವಳು ನಾನೇ. ಹೇಳಿರಲಿಲ್ಲ. ಮನೆಯ ಯುಪಿಎಸ್ ಬ್ಯಾಟರಿ ಹೋಗಿ ವಾರವಾಗಿತ್ತಂತೆ. ಮಂಚದ ಮೇಲೆ ಅವರು ಕೂತು, ಎರಡೂ ಕೈ ಊರಿ, ಬಾಯಿ ತೆರೆದು ಉಸಿರೆಳೆಯುತ್ತಿದ್ದರು. ತುಟಿ ನೀಲಿಯಾಗಿತ್ತು. ಮಗ ಚಿತ್ರದುರ್ಗಕ್ಕೆ ಹೋಗಿದ್ದ. ಮನೆಯಲ್ಲಿದ್ದ ಸೊಸೆ ಮೊಬೈಲ್ ಒತ್ತುತ್ತಿದ್ದಳು.

ಅವಳ ಕೈಯಿಂದ ಅದನ್ನು ಕಿತ್ತುಕೊಂಡೆ. "ಮುಟ್ಟಬ್ಯಾಡ! ಸಣ್ಣ ಸಿಲಿಂಡರ್ ಐತಲ್ಲ, ಎಲ್ಲಿ?"

"ಅದರಾಗೆ ಅರ್ಧ ಗಂಟೆದೂ ಇಲ್ಲ ಅಕ್ಕ."

"ಇದ್ದಷ್ಟು ಹಾಕು."

ನಳಿಕೆ ಬದಲಾಯಿಸಿದೆವು. ಅವರ ಎದೆಯ ಏರಿಳಿತ ಸ್ವಲ್ಪ ತಗ್ಗಿತು. ಇಬ್ಬರು ಹೆಂಗಸರಿಂದ ಅವರನ್ನು ದಿಣ್ಣೆಗೆ ಹೊರಲು ಆಗುತ್ತಿರಲಿಲ್ಲ. ಬೀದಿ ಖಾಲಿಯಾಗಿತ್ತು.

"ಗಂಡಸರನ್ನ ಕರ್ಕಂಡು ಬರ್ತೀನಿ. ಗೇಟಿನ ಬೀಗದಕೈ ಕೊಡು."

"ಗೇಟಿಂದು ಯಾಕೆ?"

"ಕೆಳಗೆ ಕುರಿ ಅದಾವೆ."

ಅವಳು ಮಾವನ ಮುಖ ನೋಡಿದಳು. "ಮಾವನೋರ್ನ ಕೇಳ್ದೆ ನಾನು ಹೆಂಗೆ ಕೊಡ್ಲಿ?" ಅಂಥ ಹೊತ್ತಿನಲ್ಲೂ ಅವಳು ಹಾಗೆ ಕೇಳಿದ್ದಕ್ಕೆ ನಾನು ಅವಳನ್ನು ಬೈಯುವುದಿಲ್ಲ. ಆ ಮನೆಯಲ್ಲಿ ಹದಿನೈದು ವರ್ಷ ಹಾಗೇ ಬದುಕಿದವಳು. ಯಜಮಾನರಿಗೆ ಮಾತಾಡಲು ಉಸಿರಿರಲಿಲ್ಲ. ಒಂದು ಕೈ ಎತ್ತಿ ಬಾಗಿಲ ಕಡೆ ಮಾಡಿದರು. ಬಾಗಿಲ ಪಕ್ಕದ ಮೊಳೆಯಲ್ಲಿ ಬೀಗದಕೈ ತೂಗುತ್ತಿತ್ತು. ಅವರು ಅದನ್ನು ತೋರಿಸಿದರೋ, ಸುಮ್ಮನೆ ಹೊರಗೆ ಹೋಗು ಎಂದರೋ ನನಗೆ ಇವತ್ತಿಗೂ ತಿಳಿಯದು. ನಾನು ಬೀಗದಕೈ ಎಂದೇ ಅರ್ಥ ಮಾಡಿಕೊಂಡು ಕಿತ್ತುಕೊಂಡು ಓಡಿದೆ.

ಅಷ್ಟರಲ್ಲಿ ಜನರೆಲ್ಲ ಸಂದಿಯಿಂದ ದಾಟಿ ಹೋಗಿದ್ದರು, ಗೇಟಿನಾಚೆ ಮಂದೆ ಬಂದು ನಿಂತಿತ್ತು. ಸಾಮಾನ್ಯವಾಗಿ ಅಷ್ಟು ಕುರಿ ನಿಂತರೆ ಕೇಳುವ ಗಂಟೆಯ ಸದ್ದಿರಲಿಲ್ಲ, ಮರಿಗಳ ಅರಚಾಟ ಮಾತ್ರ. ವಾಸನೆ ಅಲ್ಲಿಯವರೆಗೂ ಏರಿತ್ತು. ಬೀಗಕ್ಕೆ ಬೀಗದಕೈ ಹಾಕಿದೆ. ತಿರುಗಲಿಲ್ಲ. ಮೂರು ಮಳೆಗಾಲದ ತುಕ್ಕು. ಇನ್ನೊಮ್ಮೆ ಬಲವಾಗಿ ತಿರುಗಿಸಿದೆ. ಕಬ್ಬಿಣ ಕಿರ್ರೆಂದಿತು. ನಾನು ಕೈ ಬಿಟ್ಟೆ.

ಮೈದುನ ಕಲ್ಲೊಂದನ್ನು ಎತ್ತಿಕೊಂಡ.

"ಬ್ಯಾಡ! ಕಬ್ಬಿಣಕ್ಕೆ ಕಲ್ಲು ಹೊಡೆದ್ರೆ ಕಿಡಿ!"

"ಮತ್ತೇನು ಮಾಡಾಣ ಅಂತೀ? ಇಲ್ಲೇ ಸಾಯಾಣೇನು?"

ಕಲ್ಲು ಅವನ ಕೈಯಲ್ಲೇ ಇತ್ತು. ಅವನ ಕಣ್ಣು ನೋಡಿದರೆ ಹೊಡೆದೇಬಿಡುತ್ತಾನೆ ಅನ್ನಿಸಿತು. ಆಗ ಹಿಂದಿನಿಂದ ಚಾಚಾ ಮಂದೆಯ ಅಂಚಿನಲ್ಲಿ ಗೋಡೆ ಹಿಡಿದುಕೊಂಡು ಬಂದರು. ಭಟ್ಟಿ ಮುಚ್ಚಿ ಕೊನೆಗೆ ಹೊರಟವರು. ಅಂಗಿಯ ತುಂಬ ಮೈದಾ. ವಿಷಯ ತಿಳಿದು, ಬೆರಳಿಗೆ ಅಂಟಿದ್ದ ಡಾಲ್ಡಾ ನೋಡಿಕೊಂಡು, "ಸ್ವಲ್ಪ ತಡಿಯಪ್ಪ," ಎಂದವರೇ ಹಿಂತಿರುಗಿ ನಡೆದರು. ಬೇಕರಿಯ ಕಡೆಗೆ! ನಾನು ಕೂಗಿದೆ. ನಿಲ್ಲಲಿಲ್ಲ. ಅವರು ಬರುವವರೆಗಿನ ಹೊತ್ತು ಎಷ್ಟೆಂದು ಹೇಳಲಾರೆ. ಕುರಿಯವಳು ಒಂದು ಮರಿಯನ್ನು ಎದೆಗೆ ಅವಚಿಕೊಂಡು, ಮೈದುನನ ಕೈಯ ಮೇಲೆ ಕೈ ಇಟ್ಟು ನಿಂತಿದ್ದಳು.

ಚಾಚಾ ಎಣ್ಣೆಯ ಡಬ್ಬಿ ಹಿಡಿದು ಬಂದರು. ಬೀಗದ ಬಾಯಿಗೆ ಸುರಿದು, ಅಂಗಿಯ ತುದಿಯಲ್ಲಿ ಬೀಗವನ್ನು ಸುತ್ತಿ ಹಿಡಿದು, ಸೊಂಟ ನೋಯುವ ರೋಗಿಯನ್ನು ತಿರುಗಿಸುವ ಹಾಗೆ ಮೆಲ್ಲಗೆ ಅತ್ತ ಇತ್ತ ಆಡಿಸಿದರು. ಐದಾರು ಸಲ ಆದ ಮೇಲೆ ಕೊಂಡಿ ಬಿಟ್ಟುಕೊಂಡಿತು. ಕೀಲುಗಳಿಗೂ ಎಣ್ಣೆ ಹಾಕಿ ಗೇಟನ್ನು ನಾಲ್ವರೂ ಎತ್ತಿ ಹಿಡಿದು ಸರಿಸಿದೆವು.

ಮಂದೆ ನುಗ್ಗಿತು. ನಾನು ಮೈದುನನ ತೋಳು ಹಿಡಿದೆ. "ಯಜಮಾನರನ್ನ ಹೊರಬೇಕು. ಆಕ್ಸಿಜನ್ ಮುಗೀತೈತೆ."

ಅವನು ಆ ಮನೆಯ ಕಡೆ ನೋಡಿದ. ಗೇಟು ಹಾಕಿಸಿದ ವರ್ಷ ಅದೇ ಮನೆಯ ಜಗಲಿಯಿಂದ ಅವನನ್ನು ಎಲ್ಲರೆದುರು 'ಲೇ' ಎಂದು ಕರೆದು ಓಡಿಸಿದ್ದರು. ನಾನು ಅಲ್ಲೇ ಇದ್ದೆ. ಅವನು ಅಲ್ಲಾಡಲಿಲ್ಲ.

"ಹೋಗು," ಎಂದಳು ಅವನ ಅತ್ತಿಗೆ. "ಕುರಿ ನಾ ನೋಡ್ಕಂತೀನಿ."

ಪ್ಲಾಸ್ಟಿಕ್ ಕುರ್ಚಿಯಲ್ಲಿ ಯಜಮಾನರನ್ನು ಕೂರಿಸಿ ಪಂಚೆಯಿಂದ ಕಟ್ಟಿದೆವು. ಮುಂದೆ ಅವನು, ಹಿಂದೆ ಚಾಚಾ, ಪಕ್ಕದಲ್ಲಿ ಸಿಲಿಂಡರ್ ಹಿಡಿದ ಸೊಸೆ. ನಾನು ಅವರ ತಲೆ ವಾಲದಂತೆ ಹಿಡಿದಿದ್ದೆ. ದಿಣ್ಣೆಯ ಏರಿನಲ್ಲಿ ಚಾಚಾ ಎರಡು ಸಲ ಕುರ್ಚಿ ಇಳಿಸಿದರು. ಎರಡನೇ ಸಲ ಸಿಲಿಂಡರಿನ ಮುಳ್ಳು ಸೊನ್ನೆಗೆ ತಾಗಿತ್ತು. "ಎತ್ರಿ, ಎತ್ರಿ," ಎಂದು ಕುರಿಯವನೇ ಕೂಗಿದ. ಶಾಲೆಯ ಆಚೆ ಪೊಲೀಸರು ನಿಲ್ಲಿಸಿದ್ದ ಆಂಬುಲೆನ್ಸ್ ಇತ್ತು. ಅದರ ಬಾಗಿಲು ಮುಚ್ಚುವಾಗ ಯಜಮಾನರ ಕಣ್ಣು ತೆರೆದಿತ್ತು. ಅದು ದುರ್ಗದ ಕಡೆ ಹೋಯಿತು.

ನಾನು ಶಾಲೆಯ ಮೈದಾನದಲ್ಲಿ ಕುಸಿದು ಕೂತೆ. ಯಾರೋ ನೀರು ಕೊಟ್ಟರು. ಸುತ್ತ ಐದೂ ಬೀದಿಯ ಜನ. ಪುಸ್ತಕ ತೆಗೆದು ಒಬ್ಬೊಬ್ಬರನ್ನೇ ಗುರುತು ಹಾಕುತ್ತ ಬಂದೆ. ಎಲ್ಲರೂ ಇದ್ದರು. ಕೊನೆಗೆ ನನ್ನ ಮನೆಯ ಸರದಿ. ಗಂಡ ಗೂಡ್ಸ್ ಆಟೋ ತಗೊಂಡು ಹೊಳಲ್ಕೆರೆಗೆ ಹೋಗಿದ್ದಾರೆ, ಮಗಳು ಊರೊಳಗಿನ ಶಾಲೆಯಲ್ಲಿದ್ದಾಳೆ, ಮನೆ ಖಾಲಿ, ಎಂದುಕೊಳ್ಳುವಾಗಲೇ ಒಲೆಯ ಮೇಲಿನ ಹಾಲು ನೆನಪಾಯಿತು. ಬೆಳಿಗ್ಗೆ ಹೊರಡುವಾಗ ಹಾಲನ್ನು ಸಣ್ಣ ಉರಿಯಲ್ಲಿಟ್ಟು, ಮಗುವಿನ ತೂಕ ಎಷ್ಟು ಹೊತ್ತಿನ ಕೆಲಸ, ಹತ್ತು ನಿಮಿಷಕ್ಕೆ ಬಂದೆ ಎಂದುಕೊಂಡು ಬಂದಿದ್ದೆ. ಐದು ಬೀದಿಗೆ ಒಲೆ ಆರಿಸಿ ಎಂದು ಕೂಗಿದವಳು ನನ್ನ ಒಲೆ ಆರಿಸಿರಲಿಲ್ಲ.

ಎದ್ದು ಪೇದೆಯ ಹತ್ತಿರ ಹೋದೆ. "ಒಂದು ನಿಮಿಷ ಮನೆಗೆ ಹೋಗಿ ಬರ್ತೀನಿ."

"ಏನು ಬಿಟ್ಟು ಬಂದೀರಿ?"

ನನಗೆ ಹೇಳಲಾಗಲಿಲ್ಲ. ಆಗಷ್ಟೇ ಅವನು ಸಾಹೇಬರಿಗೆ ನನ್ನನ್ನು ತೋರಿಸಿ ಏನೋ ಒಳ್ಳೆಯ ಮಾತು ಹೇಳಿದ್ದ. "ಔಷಧಿ," ಎಂದೆ.

"ಯಾವ ಔಷಧಿ ಆದ್ರೂ ಇಲ್ಲ. ಕುಂತ್ಕಳ್ರಿ."

ಕೂತೆ. ಮಧ್ಯಾಹ್ನವೆಲ್ಲ ಅಗ್ನಿಶಾಮಕದವರು ಟ್ಯಾಂಕರಿಗೆ ನೀರು ಹಾಯಿಸುತ್ತಿದ್ದರು. ಜನ ನೀರಿನ ತುಂತುರು ನೋಡುತ್ತಿದ್ದರು. ನಾನು ನಮ್ಮ ಬೀದಿಯ ಸಾಲಿನಲ್ಲಿ ಏಳನೆಯದಾದ ನನ್ನ ಮನೆಯ ತಾರಸಿಯನ್ನು ನೋಡುತ್ತಿದ್ದೆ. ಗಾಳಿ ಬೀಸುವಾಗೆಲ್ಲ ಉಸಿರು ಹಿಡಿದೆ. ಹೇಳಿದ್ದರೆ ಯಾರಾದರೂ ಸರಿಯಾದವರು ಹೋಗಿ ಆರಿಸಿ ಬರುತ್ತಿದ್ದರೋ ಏನೋ. ಅದನ್ನು ನಾನು ಆಗಲೂ ಬಲ್ಲೆ. ಆದರೂ ಹೇಳಲಿಲ್ಲ. ನಾಚಿಕೆ ಹೆದರಿಕೆಗಿಂತ ದೊಡ್ಡದಾಗಬಹುದು ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಮಗಳನ್ನು ಊರೊಳಗಿನ ನೆಂಟರ ಮನೆಗೆ ಕರೆದುಕೊಂಡು ಹೋಗಿದ್ದಾರೆಂದು ಪೇದೆಯೊಬ್ಬ ತಿಳಿಸಿದ. ಸಂಜೆ ಐದರ ಹೊತ್ತಿಗೆ ಬೇರೆ ಟ್ಯಾಂಕರ್ ತಂದು ಗ್ಯಾಸ್ ತುಂಬಿಸಿಕೊಂಡರು. ಬೆಳಕಿರುವಾಗಲೇ ನಮ್ಮನ್ನು ಬಿಟ್ಟರು. ನಾನು ಓಡಲಿಲ್ಲ, ಓಡಿದರೆ ಯಾರಾದರೂ ಕೇಳುತ್ತಾರೆಂದು. ಬಾಗಿಲು ತೆಗೆದರೆ ಅದೇ ವಾಸನೆ. ಹಾಲು ಉಕ್ಕಿ ಉರಿಯನ್ನು ಆರಿಸಿತ್ತು. ಒಲೆಯ ತಿರುಗಣಿ ತೆರೆದೇ ಇತ್ತು. ದಿನವಿಡೀ ಗ್ಯಾಸು ಮನೆಯೊಳಗೆ ಸೋರಿ, ಕಿಟಕಿಯಿಂದ ಬೀದಿಗೆ ಹೋಗಿತ್ತು. ತಿರುಗಣಿ ಮುಚ್ಚಿ, ಬಾಗಿಲು ಕಿಟಕಿ ಎಲ್ಲ ತೆರೆದು, ಲೈಟಿನ ಸ್ವಿಚ್ ಮುಟ್ಟದೆ ಮೆಟ್ಟಿಲ ಮೇಲೆ ಬಂದು ಕೂತೆ. ಗಂಡ ಬಂದು ಮಾತಾಡಿಸುವವರೆಗೂ ಅಲ್ಲಿಂದ ಏಳಲಿಲ್ಲ. ಅವರಿಗೂ ಹೇಳಲಿಲ್ಲ.

ಹದಿನೈದು ದಿನಕ್ಕೆ ಸಮುದಾಯ ಭವನದಲ್ಲಿ ಸಭೆ ಸೇರಿಸಿದರು. ಯಜಮಾನರು ಆಸ್ಪತ್ರೆಯಿಂದ ಬಂದಿದ್ದರು, ಸಭೆಗೆ ಬರಲಿಲ್ಲ. ಅವರ ಮಗ ಬಂದಿದ್ದರು. ನನಗೂ ಚಾಚಾ ಅವರಿಗೂ ಶಾಲು ಹೊದಿಸುವುದೆಂದಾಯಿತು. ಚಾಚಾ ಅವರಿಗೆ ಮೊದಲೇ ಹೊದಿಸಿದರು, ನನ್ನದು ಸಭೆಯ ಕೊನೆಗೆ. ಕುರಿಯವಳು, ಅವಳ ಮೈದುನ ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಅವರ ಹೆಸರು ಯಾರೂ ಎತ್ತಲಿಲ್ಲ. ಆಮೇಲೆ ಗೇಟಿನ ಮಾತು ಬಂತು. ಗೇಟು ತೆಗೆದು ಬಿಡಬೇಕೆಂದು ಮೂರನೇ ಬೀದಿಯವರು ಕೇಳಿದರು.

ಯಜಮಾನರ ಮಗ ಎದ್ದರು. ಕೂಗಾಡುವ ಮನುಷ್ಯನಲ್ಲ. "ನಮ್ಮ ತಂದೆಯನ್ನ ಹೊತ್ತಿದ್ದಕ್ಕೆ ನಾವು ಋಣಿ. ಅದು ಬ್ಯಾರೆ. ಆದ್ರೆ ಎಲ್ರೂ ಜೀವ ಉಳಿಸ್ಕೊಳ್ಳಾಕೆ ಓಡೋವಾಗ ಇವರು ಕುರಿ ಹೊಡ್ಕಂಡು ಬಂದು ದಾರಿ ತುಂಬ ನಿಂತ್ರು. ಕಿಡಿ ಹತ್ತಿದ್ರೆ ಇಡೀ ಬಡಾವಣೆ ಹೋಗ್ತಿತ್ತು. ಇಂಥ ಬೇಜವಾಬ್ದಾರಿಗೆ ಗೇಟು ತೆಗೀಬೇಕಾ?"

ಕೆಲವರು ತಲೆಯಾಡಿಸಿದರು. ಕುರಿಯವಳು ನೆಲ ನೋಡಿದಳು. ಅವಳು ನೆಲ ನೋಡಿದ್ದು ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಅವತ್ತು ಬೆಂಕಿ ಬಿಟ್ಟು ಬಂದಿದ್ದು ಅವರಲ್ಲ ಅಣ್ಣ. ನಾನು. ನನ್ನ ಒಲೆ ಉರೀತಿತ್ತು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಅವರು ಕುರಿ ಗಂಟೆಗೂ ಬಟ್ಟೆ ತುರುಕಿ ಬಂದೋರು."

ನನ್ನ ಗಂಡ ಮೊದಲ ಸಾಲಿನಲ್ಲಿ ಕೂತವರು ತಿರುಗಿ ನೋಡಿದರು. "ಗೇಟಿನ ಅರ್ಜಿಗೆ ನನ್ನ ಸಹಿ ಐತೆ. ಅದನ್ನ ವಾಪಸ್ ತಗೊಂತೀನಿ," ಎಂದು ಹೇಳಿ ಕೂತೆ. ಶಾಲು ಹೊದಿಸಲು ಯಾರೂ ಬರಲಿಲ್ಲ, ನಾನೂ ಕಾಯಲಿಲ್ಲ. ಚಾಚಾ ತಮ್ಮ ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, "ಬಾ ಬೇಟಿ, ಹೋಗಾಣ," ಎಂದು ನನ್ನ ಜೊತೆ ಹೊರಗೆ ಬಂದರು.

ಮನೆಯಲ್ಲಿ ಗಂಡ ಎರಡು ದಿನ ಮಾತು ಬಿಟ್ಟರು. ಹೇಳಿದ್ದಕ್ಕಲ್ಲ, ತಮಗೆ ಮೊದಲು ಹೇಳದ್ದಕ್ಕೆ. ಮೇಲಿನ ಬೀದಿಯ ಎರಡು ಮನೆಯವರು ನಾನು ಹೋದರೆ ಈಗಲೂ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸುತ್ತಾರೆ. "ಮೊದ್ಲು ನಿಮ್ಮ ಒಲೆ ನೋಡ್ಕಳ್ರಿ" ಎಂಬ ಮಾತನ್ನು ಹಲವು ಸಲ ಕೇಳಿಸಿಕೊಂಡಿದ್ದೇನೆ.

ಗೇಟನ್ನು ತೆಗೆಯಲಿಲ್ಲ. ಬೀಗ ಮಾತ್ರ ಹಾಕುವುದಿಲ್ಲ ಎಂದಾಯಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಂದೆ ದಾಟಿಸಬಹುದು, ಹಿಕ್ಕೆಯನ್ನು ಅವರೇ ಗುಡಿಸಬೇಕು. ಆ ಷರತ್ತು ನನಗೆ ಸರಿಯೆನಿಸಲಿಲ್ಲ. ಆದರೆ ಕುರಿಯವಳೇ ಒಪ್ಪಿದಳು. ಮರುದಿನವೇ ಪೊರಕೆ ಹಿಡಿದು ಬಂದಳು.

ಯಜಮಾನರನ್ನು ನೋಡಲು ವಾರಕ್ಕೊಮ್ಮೆ ಹೋಗುತ್ತೇನೆ. ಉಸಿರು ಮೊದಲಿಗಿಂತ ಕಡಿಮೆಯಾಗಿದೆ, ಮಾತೂ. ಒಂದು ದಿನ ನಾನು ಅವರ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಹಾಕಿದ್ದಾಗ ಕುರಿಯವಳು ಮಂದೆ ಹೊಡೆದುಕೊಂಡು ಜಗಲಿಯ ಮುಂದೆ ಹಾಯ್ದಳು. ಅವರು ನಳಿಕೆ ಸರಿಮಾಡಿಕೊಂಡು, ಯಾರನ್ನೂ ನೋಡದೆ, "ನಿಧಾನಕ್ಕೆ ಹೊಡ್ಕಂಡು ಹೋಗಮ್ಮ, ಮರಿ ತುಳಿಸ್ಕಂತಾವೆ," ಎಂದರು.

"ಹೂಂ ಯಜಮಾನ್ರೆ," ಎಂದಳು ಅವಳು, ನಿಲ್ಲದೆ.

ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚು ಮಾತು ನಡೆದದ್ದನ್ನು ನಾನು ಕಂಡಿಲ್ಲ. ನಾನು ಕ್ಲಿಪ್ಪಿನ ಸಂಖ್ಯೆ ನೋಡಿ ಪುಸ್ತಕದಲ್ಲಿ ಬರೆದುಕೊಂಡು, ಮುಂದಿನ ಮನೆಗೆ ಹೋದೆ.